‘ಮಾಡಿಲ್ಲ’ ಎನ್ನುವುದೋ, ‘ಆಗಿಲ್ಲ’ ಎನ್ನುವುದೋ

ಕಚೇರಿಯ ಇಂಗ್ಲಿಷಿನಲ್ಲಿ ಧನ್ಯವಾದ ಹೇಳುವುದು ಸುಲಭ. ಅಭಿನಂದನೆ ಹೇಳುವುದು ಇನ್ನೂ ಸುಲಭ. ಬೆಂಗಳೂರಿನ ಐಟಿ ಕಂಪನಿಗೆ ಹೊಸದಾಗಿ ಸೇರಿದ ಹುಡುಗ ಆರು ತಿಂಗಳಲ್ಲಿ ಎರಡನ್ನೂ ಕಲಿತುಬಿಡುತ್ತಾನೆ. ಅವನು ತೊಡರುವುದು ಬೇಸರ ತೋಡಿಕೊಳ್ಳಬೇಕಾದಾಗ. ಲಂಡನ್ನಿನ ಸಹೋದ್ಯೋಗಿ ನೋಡಿಕೊಡಬೇಕಿದ್ದ ಫೈಲು ಮೂರು ದಿನದಿಂದ ಅಲ್ಲೇ ಕೂತಿದೆ, ಇಲ್ಲಿ ಇಡೀ ತಂಡದ ಕೆಲಸ ನಿಂತಿದೆ. ಹುಡುಗ ಬರೆಯುತ್ತಾನೆ: ‘ವೈ ಯು ಹ್ಯಾವ್ ನಾಟ್ ರಿವ್ಯೂಡ್ ಯೆಟ್? ಕೈಂಡ್ಲಿ ರಿವ್ಯೂ ಅಂಡ್ ರಿವರ್ಟ್ ಅಟ್ ದಿ ಅರ್ಲಿಯೆಸ್ಟ್.’ ಅವನ ಪಾಲಿಗೆ ಇದು ಮರ್ಯಾದೆಯ ಮಾತೇ. ‘ಕೈಂಡ್ಲಿ’ ಇದೆಯಲ್ಲ! ಅತ್ತ ಓದಿದವರಿಗೆ ಮಾತ್ರ ಯಾರೋ ಮೇಜು ಕುಟ್ಟಿ ಕೇಳಿದಂತಾಗುತ್ತದೆ. ಹೀಗೆ ಒಮ್ಮೆ ಕೈ ಸುಟ್ಟುಕೊಂಡವನು ಮುಂದಿನ ಸಲ ಬರೆಯುವ ಪತ್ರವೇ ಬೇರೆ: ‘ಹೋಪ್ ಯು ಆರ್ ಡೂಯಿಂಗ್ ವೆಲ್. ಜಸ್ಟ್ ಎ ಜೆಂಟಲ್ ರಿಮೈಂಡರ್, ವೆನೆವರ್ ಯು ಗೆಟ್ ಟೈಮ್.’ ಈಗ ಗದರಿಕೆ ಹೋಯಿತು. ಅದರ ಜೊತೆಗೆ ವಿಷಯವೂ ಹೋಯಿತು. ಸಮಯ ಸಿಕ್ಕಾಗ ನೋಡಿ ಎಂದ ಮೇಲೆ ಯಾರಿಗೆ ತಾನೆ ಸಮಯ ಸಿಗುತ್ತದೆ?

ಎರಡೂ ಪತ್ರಗಳ ಹಿಂದೆ ಇರುವುದು ಒಂದೇ ತಪ್ಪು ತಿಳಿವಳಿಕೆ. ಸೌಜನ್ಯವೆಂದರೆ ಕೆಲವು ಪದಗಳು, ಅವನ್ನು ಸೇರಿಸಿದರೆ ಮಾತು ಮೆತ್ತಗಾಗುತ್ತದೆ, ಹೆಚ್ಚು ಸೇರಿಸಿದರೆ ಹೆಚ್ಚು ಮೆತ್ತಗಾಗುತ್ತದೆ ಎಂಬ ನಂಬಿಕೆ. ಅಸಮಾಧಾನವನ್ನು ಹೇಳುವ ಇಂಗ್ಲಿಷಿನಲ್ಲಿ ಸೌಜನ್ಯ ಪದಗಳಿಗಿಂತ ಹೆಚ್ಚಾಗಿ ವಾಕ್ಯದ ಕಟ್ಟಡದಲ್ಲಿರುತ್ತದೆ: ತಪ್ಪನ್ನು ಯಾರ ತಲೆಯ ಮೇಲೆ ಹೊರಿಸಿದ್ದೇವೆ, ಎದುರಿನವರಿಗೆ ಹೊರಬರಲು ದಾರಿ ಬಿಟ್ಟಿದ್ದೇವೆಯೋ ಇಲ್ಲವೋ ಎನ್ನುವುದರಲ್ಲಿ. ಈ ವಿದ್ಯೆ ಕನ್ನಡಿಗರಿಗೆ ಹೊಸದೇನಲ್ಲ. ದಿನವೂ ಬಳಸುತ್ತೇವೆ, ಇಂಗ್ಲಿಷಿಗೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗುತ್ತೇವೆ ಅಷ್ಟೆ.

ಕನ್ನಡದಲ್ಲಿ ಮರ್ಯಾದೆಯ ಬಹುಪಾಲು ಕ್ರಿಯಾಪದದ ಕೊನೆಯಲ್ಲಿದೆ. ‘ನೋಡು’ ಎಂದರೆ ಒಂದು, ‘ನೋಡಿ’ ಎಂದರೆ ಇನ್ನೊಂದು. ಧಾರವಾಡದ ಕಡೆ ‘ಲಗೂ ನೋಡ್ರಿ’ ಎಂದರೆ ಅದು ಆಜ್ಞೆಯೇ ಆದರೂ ಆದರ ಅದರೊಳಗೇ ಇದೆ. ಹಾಗಾಗಿ ‘ಬೇಗ ನೋಡಿ ಹೇಳಿ ಸಾರ್’ ಎಂದು ಮೇಲಧಿಕಾರಿಗೂ ಹೇಳಬಹುದು, ಅವರು ಮುಖ ಗಂಟಿಕ್ಕುವುದಿಲ್ಲ. ‘ದಯವಿಟ್ಟು’ ನಮ್ಮ ದಿನದ ಮಾತಿನಲ್ಲಿ ಅಪರೂಪ. ಅದು ಹೆಚ್ಚಾಗಿ ಬಸ್ ನಿಲ್ದಾಣದ ಧ್ವನಿವರ್ಧಕಕ್ಕೆ, ಕಚೇರಿಯ ಗೋಡೆಯ ಫಲಕಕ್ಕೆ ಸೇರಿದ ಪದ. ‘ಬೇಗ ನೋಡಿ ಹೇಳಿ’ ಎಂಬಂಥ ವಾಕ್ಯವನ್ನು ಇಂಗ್ಲಿಷಿಗೆ ದಾಟಿಸಿದರೆ ಆ ‘ಇ’ಕಾರ ಈಚೆ ದಡದಲ್ಲೇ ಉಳಿಯುತ್ತದೆ, ಆಚೆಗೆ ಬೆತ್ತಲೆ ಆಜ್ಞೆ ಮಾತ್ರ ತಲುಪುತ್ತದೆ. ಏನೋ ಕೊರತೆಯಾಯಿತೆಂದು ನಮಗೂ ಗೊತ್ತಾಗುತ್ತದೆ. ಗೊತ್ತಾಗಿ, ‘ಪ್ಲೀಸ್’, ‘ಕೈಂಡ್ಲಿ’ಗಳಿಂದ ತೇಪೆ ಹಾಕುತ್ತೇವೆ. ವಿಚಿತ್ರವೆಂದರೆ, ಬೇಸರದ ಸಂದರ್ಭದಲ್ಲಿ ಆಜ್ಞೆಯ ಪಕ್ಕ ಕೂತ ‘ಪ್ಲೀಸ್’ ಇಂಗ್ಲಿಷ್ ಕಿವಿಗೆ ಮಾತನ್ನು ಮೆದುಗೊಳಿಸುವ ಬದಲು ಹರಿತಗೊಳಿಸುತ್ತದೆ. ಶಿಕ್ಷಕಿ ಗಲಾಟೆ ಮಾಡುವ ಮಕ್ಕಳಿಗೆ ‘ಸಿಟ್ ಡೌನ್, ಪ್ಲೀಸ್’ ಎನ್ನುವಾಗಿನ ಪ್ಲೀಸ್ ಅದು.

ಈ ತೇಪೆಗೆ ಒಂದು ಇತಿಹಾಸವೂ ಇದೆ. ನಮ್ಮ ಹಿಂದಿನವರು ಕಲಿತ ಇಂಗ್ಲಿಷು ಅರ್ಜಿಯ ಇಂಗ್ಲಿಷು. ‘ಐ ಬೆಗ್ ಟು ಸ್ಟೇಟ್’ ಎಂದು ಶುರುವಾಗಿ ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಎಂದು ಕೊನೆಯಾಗುತ್ತಿದ್ದ ಆ ಭಾಷೆಯಲ್ಲಿ ಬೇಡುವುದಕ್ಕೆ ಜಾಗವಿತ್ತು, ಸಮಾನನಾಗಿ ನಿಂತು ಆಕ್ಷೇಪಿಸುವುದಕ್ಕೆ ಜಾಗವಿರಲಿಲ್ಲ. ‘ಡು ದ ನೀಡ್‌ಫುಲ್’ ಕೂಡ ಆ ಕಾಲದ ಬ್ರಿಟಿಷ್ ಪತ್ರವ್ಯವಹಾರದ್ದೇ. ಬ್ರಿಟನ್ನು ಅದನ್ನು ಮರೆತಿದೆ, ನಾವು ಜೋಪಾನ ಮಾಡಿದ್ದೇವೆ. ಅಲ್ಲಿಯ ಸರ್ಕಾರಿ ಭಾಷೆಯನ್ನು ಸಡಿಲಿಸಲು ಸರ್ ಅರ್ನೆಸ್ಟ್ ಗೋವರ್ಸ್ 1948ರಲ್ಲಿ ‘ಪ್ಲೇನ್ ವರ್ಡ್ಸ್’ ಎಂಬ ಪುಟ್ಟ ಪುಸ್ತಕ ಬರೆದರು. ಬರೆಯಿಸಿದ್ದು ಅಲ್ಲಿನ ಖಜಾನೆ ಇಲಾಖೆಯೇ. ಜಡ ಪದಗುಚ್ಛಗಳನ್ನು ಬಿಟ್ಟು, ಓದುವವನನ್ನು ಮನುಷ್ಯನೆಂದು ಕಂಡು ಬರೆಯಿರಿ ಎಂಬುದು ಅದರ ಸಾರ. ನಮ್ಮ ಆಡಳಿತಕ್ಕೂ ಶಾಲೆಗೂ ಆ ಗಾಳಿ ಅಷ್ಟಾಗಿ ಬೀಸಲಿಲ್ಲ.

ಹಾಗಾದರೆ ಇಂಗ್ಲಿಷು ಮರ್ಯಾದೆಯನ್ನು ಎಲ್ಲಿಟ್ಟಿದೆ? ಪ್ರಶ್ನೆಯ ರೂಪದಲ್ಲಿ, ‘ಕುಡ್’, ‘ವುಡ್’, ‘ಮೈಟ್’ಗಳಂಥ ಸಹಾಯಕ ಕ್ರಿಯಾಪದಗಳಲ್ಲಿ, ಭೂತಕಾಲದಲ್ಲಿ. ‘ಐ ವಾಸ್ ವಂಡರಿಂಗ್’ ಎಂದು ಈಗಿನ ಆಸೆಯನ್ನು ನಿನ್ನೆಯದೆಂಬಂತೆ ಹೇಳುವುದು ಕಲಿಯುವವರಿಗೆ ಕಪಟವಾಗಿ ಕಾಣುತ್ತದೆ. ಆದರೆ ನಾವು ಸಾಲ ಕೇಳಲು ಹೋದಾಗ ಏನೆನ್ನುತ್ತೇವೆ? ‘ನಿಮ್ಮಿಂದ ಒಂದು ಸಹಾಯ ಆಗಬೇಕಿತ್ತು.’ ಬೇಕಾಗಿರುವುದು ಈಗ, ಹೇಳುವುದು ‘ಬೇಕಿತ್ತು’. ಕಾಲವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ಎದುರಿನವರಿಗೆ ‘ಇಲ್ಲ’ ಎನ್ನಲು ಜಾಗ ಮಾಡಿಕೊಡುವ ಅದೇ ಯುಕ್ತಿ.

1978ರಲ್ಲಿ ಭಾಷಾ ಸಂಶೋಧಕರಾದ ಪೆನೆಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಸೌಜನ್ಯದ ಬಗ್ಗೆ ಪ್ರಕಟಿಸಿದ ದೀರ್ಘ ಅಧ್ಯಯನ 1987ರಲ್ಲಿ ಪುಸ್ತಕವಾಯಿತು. ಅವರು ಮುಖ್ಯವಾಗಿ ಎದುರುಬದುರು ಇಟ್ಟ ಭಾಷೆಗಳು ಮೂರು: ಇಂಗ್ಲಿಷು, ಮೆಕ್ಸಿಕೋದ ಮಾಯಾ ಜನರ ತ್ಸೆಲ್ಟಾಲ್, ಮತ್ತು ಕೊಯಮತ್ತೂರು ಸೀಮೆಯ ಹಳ್ಳಿಯೊಂದರ ತಮಿಳು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಹೇಳಿದ್ದ ‘ಮುಖ’ದ ಕಲ್ಪನೆಯನ್ನು ಅವರು ಮುಂದುವರಿಸಿದರು. ಪ್ರತಿಯೊಬ್ಬರಿಗೂ ಇತರರ ಮೆಚ್ಚಿಗೆ ಬೇಕು, ಜೊತೆಗೆ ಯಾರೂ ತನ್ನ ದಾರಿಗೆ ಅಡ್ಡ ಬರಬಾರದು. ದೂರುವ ಮಾತು ಇವೆರಡನ್ನೂ ಒಟ್ಟಿಗೇ ತಟ್ಟುತ್ತದೆ. ಎಷ್ಟು ಮೆದುವಾಗಿ ಹೇಳಬೇಕು ಎನ್ನುವುದು ಮೂರು ಸಂಗತಿಗಳ ಮೇಲೆ ನಿಂತಿದೆ ಎಂದರು ಅವರು: ಇಬ್ಬರ ನಡುವಿನ ಸಲಿಗೆ, ಅಧಿಕಾರದ ಅಂತರ, ಕೇಳುತ್ತಿರುವುದರ ಭಾರ. ಮುಖಭಂಗವೆಂದರೇನೆಂದು ಗೊತ್ತಿರುವ ಕನ್ನಡಿಗರಿಗೆ ಇದನ್ನು ವಿಸ್ತರಿಸಿ ಹೇಳಬೇಕಿಲ್ಲ.

ಭಾಷೆ ಗೊತ್ತಿದ್ದೂ ಸೌಜನ್ಯ ದಾಟದೇ ಹೋಗುವ ಬಗೆಗೆ ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಕೊಟ್ಟ ಉದಾಹರಣೆ ಪಾಠಪುಸ್ತಕಗಳಲ್ಲಿ ಸೇರಿಹೋಗಿದೆ. 1970ರ ದಶಕದಲ್ಲಿ ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಊಟ ಬಡಿಸುತ್ತಿದ್ದರು. ಅವರು ಒರಟರು ಎಂದು ಅಲ್ಲಿನ ನೌಕರರು ದೂರುತ್ತಿದ್ದರು. ಆ ಹೆಂಗಸರು ಆಡುತ್ತಿದ್ದುದು ಒಂದೇ ಪದ: ‘ಗ್ರೇವಿ’. ಇಂಗ್ಲಿಷರು ಅದನ್ನು ಕೊನೆಯಲ್ಲಿ ದನಿ ಏರಿಸಿ ಹೇಳುತ್ತಾರೆ, ಆಗ ಅದು ‘ಬೇಕೇ?’ ಎಂಬ ಪ್ರಶ್ನೆ. ಇವರು ದನಿ ಇಳಿಸಿ ಹೇಳುತ್ತಿದ್ದರು, ಆಗ ಅದು ‘ಇದು ಗ್ರೇವಿ, ತಿನ್ನೋದಾದ್ರೆ ತಿನ್ನು’ ಎಂಬಂತೆ ಕೇಳಿಸುತ್ತಿತ್ತು. ಇವರ ಕಡೆಯ ವಾಡಿಕೆಯಲ್ಲಿ ದನಿ ಇಳಿಸಿ ಹೇಳುವುದೇ ಸಹಜ. ಟೇಪು ಹಾಕಿ ಕೇಳಿಸಿದ ಮೇಲೆಯೇ ಎರಡೂ ಕಡೆಯವರಿಗೆ ಅರ್ಥವಾದದ್ದು. ಒಬ್ಬರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಇಮೇಲಿನಲ್ಲಿ ಆ ದನಿಯೂ ಇಲ್ಲ. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮ ಮಾತಿನ ಧಾಟಿ ಓದುಗನಿಗೆ ಸರಿಯಾಗಿ ತಲುಪುತ್ತದೆಂದು ಬರೆದವರು ಗಟ್ಟಿಯಾಗಿ ನಂಬಿದ್ದರು. ವ್ಯಂಗ್ಯವೋ ಗಂಭೀರವೋ ಎಂದು ಓದಿದವರು ಊಹಿಸಿದ್ದು ಮಾತ್ರ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪವೇ ಮೇಲು.

ಈಗ ಶೀರ್ಷಿಕೆಯ ಮಾತಿಗೆ ಬರುತ್ತೇನೆ. ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ಅಲೆದು ಸುಸ್ತಾದ ರೈತ ಗುಮಾಸ್ತರ ಮುಂದೆ ನಿಂತು ಏನು ಕೇಳುತ್ತಾನೆ? ‘ಏನ್ ಸಾರ್, ನಮ್ದು ಇನ್ನೂ ಆಗಿಲ್ವಾ?’ ‘ನೀವು ಇನ್ನೂ ಮಾಡಿಲ್ವಾ?’ ಎಂದು ಕೇಳಿದರೆ ಕೆಲಸ ಇನ್ನೊಂದು ತಿಂಗಳು ಮುಂದಕ್ಕೆ ಹೋಗುತ್ತದೆಂದು ಅವನಿಗೆ ಗೊತ್ತು. ಮಾಡದವರು ಯಾರೆಂದು ಇಬ್ಬರಿಗೂ ಗೊತ್ತು. ಆದರೂ ವಾಕ್ಯದಲ್ಲಿ ಗುಮಾಸ್ತರಿಲ್ಲ, ಆಗದ ಕೆಲಸವಷ್ಟೇ ಇದೆ. ‘ಆಗು’ ಎಂಬ ಈ ಕ್ರಿಯಾಪದದ ಬೆನ್ನ ಮೇಲೆ ಕನ್ನಡದ ಅರ್ಧ ನಾಗರಿಕತೆ ನಿಂತಿದೆ ಎಂದರೆ ಅತಿಯಾಗಲಾರದು. ಹಾಗೆಯೇ ‘ನೀವು ನನ್ನನ್ನು ನೋಯಿಸಿದಿರಿ’ ಎನ್ನುವುದಕ್ಕಿಂತ ‘ನನಗೆ ಬೇಜಾರಾಯ್ತು’ ಎನ್ನುವುದು ನಮಗೆ ಸಹಜ. ಬೇಸರ ನನ್ನ ಬಳಿ ಬಂತು. ಯಾರು ಕಳಿಸಿದರೆಂಬುದನ್ನು ನೀವೇ ಯೋಚಿಸಿ.

ಇಂಗ್ಲಿಷಿನಲ್ಲಿ ಸೌಜನ್ಯದ ದೂರು ನಡೆಯುವುದು ಇದೇ ದಾರಿಯಲ್ಲಿ. ‘ಯು’ ಎಂಬ ಸರ್ವನಾಮ ಎಲ್ಲೆಲ್ಲಿ ಕರ್ತೃವಾಗಿ ಕೂತು ಬೆರಳು ತೋರಿಸುತ್ತದೆಯೋ ಅಲ್ಲಿಂದ ಅದನ್ನು ಎಬ್ಬಿಸಿ ಕೆಲಸವನ್ನು ಕೂರಿಸಬೇಕು. ನಮ್ಮ ಹುಡುಗನ ಪತ್ರ ಹೀಗಿರಬಹುದಿತ್ತು: ‘ದ ರಿವ್ಯೂ ಹ್ಯಾಸಂಟ್ ಕಮ್ ಥ್ರೂ ಯೆಟ್, ಅಂಡ್ ವಿ ಕಾಂಟ್ ರಿಲೀಸ್ ವಿಥೌಟ್ ಇಟ್. ಕುಡ್ ಯು ಲೆಟ್ ಮಿ ನೋ ಬೈ ಫೋರ್ ವೆದರ್ ಇಟ್ ಕ್ಯಾನ್ ಬಿ ಡನ್ ಟುಡೇ? ಇಫ್ ನಾಟ್, ಐ ವಿಲ್ ಹ್ಯಾವ್ ಟು ಟೆಲ್ ದ ಕ್ಲೈಂಟ್ ದಿಸ್ ಈವ್ನಿಂಗ್.’ ಇದರಲ್ಲಿ ಪ್ಲೀಸ್ ಇಲ್ಲ, ಕೈಂಡ್ಲಿ ಇಲ್ಲ, ಕ್ಷೇಮಸಮಾಚಾರ ಇಲ್ಲ. ಮೊದಲ ವಾಕ್ಯ ‘ಆಗಿಲ್ಲ’ ಎನ್ನುತ್ತದೆ. ‘ಯು’ ಬರುವುದು ಎರಡನೆಯದರಲ್ಲಿ, ತಪ್ಪಿತಸ್ಥನಾಗಿ ಅಲ್ಲ, ಉತ್ತರ ಹೇಳಬಲ್ಲವನಾಗಿ. ಗಡುವು ಸ್ಪಷ್ಟ, ಪರಿಣಾಮವೂ ಸ್ಪಷ್ಟ. ಬೆದರಿಕೆ ಎಂದು ಯಾರೂ ಎನ್ನಲಾರರು, ನಿರ್ಲಕ್ಷಿಸಲೂ ಆರರು.

ಕನ್ನಡದ ಎಲ್ಲ ಯುಕ್ತಿಗಳೂ ಹೀಗೆ ದಾಟುವುದಿಲ್ಲ. ‘ನೀವೇ ಹೀಗೆ ಮಾಡಿದ್ರೆ ಹೇಗೆ ಸಾರ್?’ ಎಂಬ ಮಾತು ನೋಡಿ. ಎದುರಿನವರನ್ನು ಮೊದಲು ಮೇಲಕ್ಕೇರಿಸಿ, ಆ ಎತ್ತರದಿಂದ ಅವರೇ ನಾಚಿಕೊಳ್ಳುವಂತೆ ಮಾಡುವ ಸೊಗಸಾದ ತಂತ್ರ ಅದು. ಇಂಗ್ಲಿಷಿಗೆ ಹಾಗೆಯೇ ಇಳಿಸಿದರೆ ಬರೀ ಆಪಾದನೆ ಉಳಿಯುತ್ತದೆ. ‘ನಿಮ್ಮವರು’ ಎಂಬ ಸಲಿಗೆಯ ಮಾತು ‘ಯು ಪೀಪಲ್’ ಆದ ಕೂಡಲೇ ಒಂದು ಜನಾಂಗವನ್ನೇ ಹೀಗಳೆದಂತಾಗುತ್ತದೆ. ‘ಐ ಹ್ಯಾವ್ ಎ ಡೌಟ್’ ಎಂದು ನಾವು ವಿನಯದಿಂದ ಪ್ರಶ್ನೆ ಕೇಳಿದರೆ, ತಮ್ಮ ಪ್ರಾಮಾಣಿಕತೆಯ ಮೇಲೇ ಶಂಕೆ ಬಂತೇನೋ ಎಂದು ಇಂಗ್ಲಿಷರು ಬೆಚ್ಚುತ್ತಾರೆ.

ಕರ್ತೃವನ್ನು ಮರೆಮಾಡುವ ಈ ವಿದ್ಯೆಗೆ ಒಂದು ಎಲ್ಲೆ ಹಾಕಲೇಬೇಕು. 1987ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಇರಾನಿಗೆ ಶಸ್ತ್ರ ಮಾರಿದ ಹಗರಣದ ಬಗ್ಗೆ ಸಂಸತ್ತಿನ ಮುಂದೆ ಮಾತಾಡುತ್ತ, ಗಂಭೀರ ತಪ್ಪುಗಳು ಆದವು ಎಂದರು. ಆದವು, ಸರಿ, ಮಾಡಿದವರು? ಅದೇ ವ್ಯಾಕರಣ ಇಲ್ಲಿ ನುಣುಚಿಕೊಳ್ಳುವ ದಾರಿಯಾಯಿತು. ನನ್ನ ಪ್ರಕಾರ ಇದಕ್ಕೊಂದು ಸರಳ ನಿಯಮವಿದೆ. ಇನ್ನೊಬ್ಬರ ತಪ್ಪನ್ನು ಎತ್ತುವಾಗ ‘ಆಗಿಲ್ಲ’ ಎನ್ನಿ, ನಮ್ಮ ತಪ್ಪನ್ನು ಒಪ್ಪುವಾಗ ‘ನಾನು ಮಾಡಿಲ್ಲ’ ಎನ್ನಿ. ನಮ್ಮ ಕಚೇರಿಗಳಲ್ಲಿ ನಡೆಯುವುದು ಬಹುಪಾಲು ಇದರ ತಿರುವುಮುರುವು. ಬೇರೆಯವರ ವಿಷಯಕ್ಕೆ ‘ಯು ಹ್ಯಾವ್ ನಾಟ್ ಡನ್’, ನಮ್ಮ ವಿಷಯಕ್ಕೆ ‘ಇಟ್ ಗಾಟ್ ಡಿಲೇಡ್’.

ಇನ್ನು ಅತಿ ಮೆದುವಾಗುವ ಅಪಾಯ. ಇದನ್ನು ನಾನು ಒರಟುತನಕ್ಕಿಂತ ದೊಡ್ಡ ದೋಷವೆಂದು ಎಣಿಸುತ್ತೇನೆ, ಏಕೆಂದರೆ ಒರಟುತನ ಕೂಡಲೇ ಗೊತ್ತಾಗುತ್ತದೆ, ಇದು ಗೊತ್ತಾಗುವುದೇ ಇಲ್ಲ. 1951ರ ಏಪ್ರಿಲಿನಲ್ಲಿ, ಕೊರಿಯಾ ಯುದ್ಧದ ಇಮ್ಜಿನ್ ನದಿಯ ಕಾಳಗದಲ್ಲಿ ಚೀನಾದ ಸೇನೆ ಬ್ರಿಟಿಷ್ ತುಕಡಿಗಳನ್ನು ಸುತ್ತುವರಿಯುತ್ತಿತ್ತು. ಬ್ರಿಗೇಡಿಯರ್ ಟಾಮ್ ಬ್ರೋಡಿ ತಮ್ಮ ಮೇಲಿನ ಅಮೆರಿಕನ್ ಜನರಲ್‌ಗೆ, ಪರಿಸ್ಥಿತಿ ‘ಎ ಬಿಟ್ ಸ್ಟಿಕಿ’ ಆಗಿದೆ ಎಂದರೆಂಬುದು ಪ್ರಸಿದ್ಧ. ಇಂಗ್ಲಿಷ್ ಅಧಿಕಾರಿಯ ಬಾಯಲ್ಲಿ ಅದರರ್ಥ ಸರ್ವನಾಶ ಹತ್ತಿರವಿದೆ ಎಂದು. ಅಮೆರಿಕನ್ನನಿಗೆ ಕೇಳಿಸಿದ್ದು ಸ್ವಲ್ಪ ಕಷ್ಟವಿದೆ, ನಿಭಾಯಿಸುತ್ತಿದ್ದೇವೆ ಎಂದು. ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಬೆಟಾಲಿಯನ್ನಿನಲ್ಲಿ ಹೆಚ್ಚಿನವರು ಸತ್ತರು ಇಲ್ಲವೇ ಸೆರೆಯಾದರು. ಇಬ್ಬರ ತಾಯ್ನುಡಿಯೂ ಇಂಗ್ಲಿಷೇ ಎಂಬುದನ್ನು ಗಮನಿಸಬೇಕು. ತಾಯ್ನುಡಿಯವರಂತೆ ಬರೆದರೆ ಸಾಕು ಎನ್ನುವವರು ಯಾವ ತಾಯ್ನುಡಿಯವರಂತೆ ಎಂದೂ ಹೇಳಬೇಕಾಗುತ್ತದೆ.

ಇನ್ನೊಂದು ಘಟನೆ 1990ರ ಜನವರಿ 25ರದ್ದು. ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬಂದ ಅವಿಯಾಂಕಾ 52 ವಿಮಾನವನ್ನು ಹವಾಮಾನ ಕೆಟ್ಟಿದ್ದರಿಂದ ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಕಾಯಿಸಲಾಯಿತು. ಇಂಧನ ಮುಗಿಯುತ್ತ ಬಂತು. ಸಹಪೈಲಟ್ ಆದ್ಯತೆ ಬೇಕೆಂದರು, ಇಂಧನ ಮುಗಿಯುತ್ತಿದೆ ಎಂದು ಬೇರೆ ಮಾತಿನ ಬಾಲದಲ್ಲಿ ಸೇರಿಸಿದರು, ಇನ್ನೂ ದೂರ ಸುತ್ತಿಸುತ್ತೇವೆ, ಸರಿಯೇ ಎಂದಾಗ ಸರಿಯೆಂದು ಥ್ಯಾಂಕ್ಸ್ ಕೂಡ ಹೇಳಿದರು. ‘ಎಮರ್ಜೆನ್ಸಿ’ ಎಂಬ ಪದವನ್ನು ಮಾತ್ರ ನಿಯಂತ್ರಣ ಕೇಂದ್ರಕ್ಕೆ ಹೇಳಲಿಲ್ಲ. ವಿಮಾನ ಲಾಂಗ್ ಐಲೆಂಡಿನ ಗುಡ್ಡಕ್ಕೆ ಅಪ್ಪಳಿಸಿತು. 158 ಜನರಲ್ಲಿ 73 ಮಂದಿ ಸತ್ತರು. ಇದಕ್ಕೂ ಮೊದಲೇ, 1988ರಲ್ಲಿ, ಭಾಷಾವಿಜ್ಞಾನಿ ಚಾರ್ಲೊಟ್ ಲಿಂಡ್ ಕಾಕ್‌ಪಿಟ್ ಸಂಭಾಷಣೆಗಳನ್ನು ಪರಿಶೀಲಿಸಿ, ಮೆದುಗೊಳಿಸಿ ಹೇಳಿದ ಸಲಹೆಗಳು ಮನ್ನಣೆ ಪಡೆಯುವುದು ಕಡಿಮೆ ಎಂದು ತೋರಿಸಿದ್ದರು. ಸಮಸ್ಯೆಯನ್ನು ನೇರವಾಗಿ ಹೆಸರಿಸಿ, ಪರಿಹಾರ ಸೂಚಿಸಿ, ಒಪ್ಪಿಗೆ ಕೇಳುವುದನ್ನು ಕಿರಿಯ ಪೈಲಟ್‌ಗಳಿಗೆ ಈಗ ತರಬೇತಿಯಲ್ಲೇ ಕಲಿಸುತ್ತಾರೆ. ಕಚೇರಿಯ ಪತ್ರದಿಂದ ವಿಮಾನ ಬೀಳುವುದಿಲ್ಲ ನಿಜ. ಆದರೆ ಆಸ್ಪತ್ರೆಯಲ್ಲಿ ಹಿರಿಯ ವೈದ್ಯರಿಗೆ ಔಷಧಿಯ ಪ್ರಮಾಣ ಹೆಚ್ಚಾಯಿತೆಂದು ಹೇಳಬೇಕಾದ ನರ್ಸಿನ ಪರಿಸ್ಥಿತಿ ಆ ಸಹಪೈಲಟ್‌ನದೇ.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದೇ ಸಜ್ಜನಿಕೆ ಎಂದು ನಾವು ತಿಳಿದಿದ್ದೇವೆ. ಇಸ್ರೇಲಿನ ವಿದ್ವಾಂಸೆ ಶೋಶಾನಾ ಬ್ಲುಮ್-ಕುಲ್ಕಾ 1987ರಲ್ಲಿ ಇಂಗ್ಲಿಷ್ ಮತ್ತು ಹೀಬ್ರೂ ಮಾತುಗರನ್ನು ಕೇಳಿನೋಡಿದಾಗ ಬೇರೆಯದೇ ಕಂಡುಬಂತು. ಬರಿಯ ಸೂಚನೆಗಳನ್ನು ಜನ ಅತ್ಯಂತ ಸೌಜನ್ಯದ ಮಾತೆಂದು ಎಣಿಸಲಿಲ್ಲ. ‘ಕುಡ್ ಯು’ ಬಗೆಯ, ಬಳಸಿ ಹೇಳಿದರೂ ಅರ್ಥ ತೆರೆದೇ ಇರುವ ಕೋರಿಕೆಗಳೇ ಅವರಿಗೆ ಹಿತವಾದವು. ಎದುರಿನವರನ್ನು ಒಗಟು ಬಿಡಿಸಲು ಹಚ್ಚುವುದೂ ಒಂದು ಹೊರೆಯೇ ತಾನೆ? ಇದರ ಜೊತೆಗೆ ಮುಸುಕು ಹೊದ್ದ ಒರಟುತನ ಬೇರೆ ಇದೆ. ‘ಆಸ್ ಪರ್ ಮೈ ಪ್ರೀವಿಯಸ್ ಮೇಲ್’ ಎಂದರೆ ನಿನಗೆ ಓದಲು ಬರುವುದಿಲ್ಲವೇ ಎಂದರ್ಥ. ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್’ ಎಂಬಲ್ಲಿ ರೆಸ್ಪೆಕ್ಟ್ ಇರುವುದು ಅಪರೂಪ. ಇವುಗಳಿಗಿಂತ, ಮೂರನೆಯ ಸಲವೂ ತಡವಾದಾಗ, ‘ಐ ಆಮ್ ಫ್ರಸ್ಟ್ರೇಟೆಡ್ ದಟ್ ದಿಸ್ ಹ್ಯಾಸ್ ಹ್ಯಾಪನ್ಡ್ ಎಗೇನ್’ ಎಂದು ಬಾಯಿಬಿಟ್ಟು ಹೇಳುವುದು ಎಷ್ಟೋ ಮೇಲು. ನನಗೆ ಬೇಜಾರಾಯ್ತು ಎಂಬುದರ ನೇರ ನೆಂಟ ಅದು. ಭಾವನೆ ನನ್ನದೆಂದು ಒಪ್ಪಿಕೊಂಡಿದ್ದೇನೆ, ಯಾರನ್ನೂ ಚುಚ್ಚಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆಯನ್ನು ಎದುರಿಸಲೇಬೇಕು. ನಾವೇಕೆ ಬ್ರಿಟಿಷರ ಕಿವಿಗೆ ಹಿತವಾಗಿ ಬರೆಯಬೇಕು? ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರಲ್ಲೇ ‘ಕಾಂತಾಪುರ’ದ ಮುನ್ನುಡಿಯಲ್ಲಿ, ಇಂಗ್ಲಿಷರಂತೆ ಬರೆಯುವುದು ನಮ್ಮಿಂದಾಗದು, ಹಾಗೆ ಬರೆಯಲೂ ಬಾರದು ಎಂಬ ನಿಲುವು ತಳೆದಿದ್ದರು. ಒಪ್ಪತಕ್ಕ ಮಾತು. ಹುಬ್ಬಳ್ಳಿಯವರು ಕೊಚ್ಚಿಯವರಿಗೆ ‘ಕೈಂಡ್ಲಿ ಡು ದ ನೀಡ್‌ಫುಲ್’ ಎಂದು ಬರೆದರೆ ಇಬ್ಬರಿಗೂ ಅರ್ಥವಾಗುತ್ತದೆ, ಯಾರಿಗೂ ನೋವಾಗುವುದಿಲ್ಲ. ಅದನ್ನು ತಪ್ಪು ಇಂಗ್ಲಿಷೆಂದು ಗೇಲಿ ಮಾಡುವವರ ಬಗ್ಗೆ ನನಗೆ ಗೌರವವಿಲ್ಲ. ಸಹಜತೆ ಎಂಬುದು ಓದುವವರನ್ನು ಅವಲಂಬಿಸಿದ್ದು. ಲಂಡನ್ನಿಗೆ ಬರೆಯುವಾಗ ಲಂಡನ್ನಿನವರ ಕಿವಿಯನ್ನು ನೆನೆಯಬೇಕು, ಅಷ್ಟೆ. ಅವರೂ ನಮಗೆ ಬರೆಯುವಾಗ ನಮ್ಮ ಕಿವಿಯನ್ನು ನೆನೆಯಬೇಕು. ಈ ಎರಡನೆಯ ಮಾತನ್ನು ತರಬೇತಿಯ ಕೋಣೆಗಳಲ್ಲಿ ಯಾರೂ ಎತ್ತುವುದಿಲ್ಲ.

ಈಚೆಗೆ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವವರು ಹೆಚ್ಚಿದ್ದಾರೆ. ಸಿಟ್ಟಿನ ವಾಕ್ಯವನ್ನು ಕೊಟ್ಟು ನಯವಾಗಿಸು ಎಂದರೆ ನಯವಾಗಿಸಿಕೊಡುತ್ತದೆ. ವ್ಯಾಕರಣಕ್ಕೆ ಅದು ಆದೀತು. ಆದರೆ ನಿಮಗೆ ಇಂದು ಸಂಜೆಯೊಳಗೆ ಉತ್ತರ ಬೇಕೋ, ಕ್ಷಮೆ ಬೇಕೋ, ಸುಮ್ಮನೆ ಸಿಟ್ಟು ಇಳಿಯಬೇಕೋ ಎಂಬುದನ್ನು ನೀವೇ ತೀರ್ಮಾನಿಸದಿದ್ದರೆ ಅದು ಕೊಡುವುದು ಇನ್ನೊಂದು ಜೆಂಟಲ್ ರಿಮೈಂಡರ್.

ಶಾಲೆ, ಪಿಯು ಕಾಲೇಜುಗಳ ಇಂಗ್ಲಿಷ್ ಅಧ್ಯಾಪಕರಲ್ಲಿ ಒಂದು ವಿನಂತಿ. ಪತ್ರಲೇಖನದ ಪಾಠದಲ್ಲಿ ರಜೆ ಅರ್ಜಿಗೆ ಕೊಡುವಷ್ಟೇ ಜಾಗವನ್ನು ಆಕ್ಷೇಪದ ಪತ್ರಕ್ಕೂ ಕೊಡಿ. ಬೇಡುವ ಇಂಗ್ಲಿಷನ್ನು ಮಕ್ಕಳು ಹೇಗೂ ಕಲಿಯುತ್ತಾರೆ. ಕಚೇರಿಗಳಲ್ಲಿ ಮೇಲೆ ಕೂತವರಿಗೂ ಒಂದು ಮಾತು. ನೀವು ಒಂದೇ ಸಾಲಿನಲ್ಲಿ ‘ವೈ ದಿಸ್ ಡಿಲೇ?’ ಎಂದು ಬರೆಯುತ್ತ, ಕೆಳಗಿನವರು ಮಾತ್ರ ಐದು ಸಾಲಿನ ವಿನಯ ಬರೆಯಲಿ ಎಂದು ಬಯಸಿದರೆ ಅದಕ್ಕೆ ಸೌಜನ್ಯದ ತರಬೇತಿ ಎಂಬ ಹೆಸರು ಸಲ್ಲದು. ಆ ಒಂದು ಸಾಲನ್ನು ಬದಲಿಸುವುದರಿಂದ ಶುರುಮಾಡಿ.